ಮಂಗೋಲಿಯದ ಐದು ಪದಕಗಳು

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಓದಿದ ಭಾಷಣ)



ಈ ಭಾಷಣವನ್ನು ಬರೆದವರು ನಾವು ಮೂವರು. ಓದುವ ಗಂಟಲು ಮಾತ್ರ ಒಬ್ಬನದು. ನಮ್ಮಲ್ಲಿ ಒಬ್ಬರು ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತರಾದವರು, ಒಬ್ಬರು ರೈಲ್ವೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೋಹ ಕೊರೆದವರು, ಮತ್ತೊಬ್ಬರು ಕನ್ನಡ ಶಾಲೆಯ ಮಾಸ್ತರರು. ಯಾರು ಯಾರೆಂಬುದು ಇಲ್ಲಿ ನೆರೆದ ತಮಗೆಲ್ಲ ಗೊತ್ತಿರುವ ಸಂಗತಿಯಾದುದರಿಂದ ಹೆಸರು ಹೇಳಿ ಹೊತ್ತು ಕಳೆಯುವುದಿಲ್ಲ. ನಮ್ಮ ಹವ್ಯಾಸದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ, ರಾಜ್ಯೋತ್ಸವದ ವೇದಿಕೆಯ ಮೇಲೆ ಮಂಗೋಲಿಯದ ಮಾತೇ ಎಂದು ಹುಬ್ಬೇರಿಸಿದವರೂ ಉಂಟು. ಅವರಲ್ಲಿ ನಮ್ಮ ಬಿನ್ನಹವಿಷ್ಟೆ: ಸ್ವಲ್ಪ ತಾಳ್ಮೆಯಿರಲಿ. ಆ ದೂರದ ನಾಡಿಗೆ ನಮ್ಮ ಮುಂಡಗೋಡಿನಿಂದಲೇ ಒಂದು ದಾರಿ ಹೋಗುತ್ತದೆ.

ಸಭಾಂಗಣದ ಬಾಗಿಲ ಬಳಿ ಒಂದು ಮೇಜಿನ ಮೇಲೆ ಸಾಗವಾನಿಯ ಚಿಕ್ಕ ಪೆಟ್ಟಿಗೆಯನ್ನು ತಾವು ನೋಡಿರಬಹುದು. ಅದರಲ್ಲಿ ಐದು ಗುಳಿಗಳಿವೆ. ನಾಲ್ಕರಲ್ಲಿ ಪದಕಗಳು, ಐದನೆಯದರಲ್ಲಿ ಪದಕವಿಲ್ಲ, ಮಡಿಸಿಟ್ಟ ನೀಲಿ ವಸ್ತ್ರವೊಂದಿದೆ. ಅದನ್ನು ಕಂಡು, ಪದಕ ಕಳುವಾಯಿತೆ ಎಂದು ಆಗಲೇ ಇಬ್ಬರು ಮೂವರು ಕೇಳಿದರು. ಕಳುವಾಗಲಿಲ್ಲ. ಅದು ಎಲ್ಲಿಗೆ ಹೋಯಿತೆಂಬುದನ್ನು ಹೇಳುವುದಕ್ಕೇ ಈ ಭಾಷಣ. ಆದರೆ ನಡುವೆ ಹೇಳತಕ್ಕ ಬೇರೆ ಸಂಗತಿಗಳೂ ಬಹಳ ಇವೆ.

ಮುಂಬಯಿಯ ಚೋರ್ ಬಜಾರಿನ ಮಟನ್ ಬೀದಿಯಲ್ಲಿ ಗಡಿಯಾರ, ಗ್ರಾಮೊಫೋನು, ಹಡಗಿನ ದೀಪ ಇವುಗಳ ರಾಶಿಯ ನಡುವೆ ೨೦೧೪ರಲ್ಲಿ ಒಂದು ತಗಡಿನ ಬಿಸ್ಕತ್ತಿನ ಡಬ್ಬಿ ನಮ್ಮ ಕಣ್ಣಿಗೆ ಬಿತ್ತು. ಒಳಗೆ ಐದು ಪದಕಗಳು, ಒಂದು ಸಣ್ಣ ರಟ್ಟಿನ ಪುಸ್ತಿಕೆ. ಅಂಗಡಿಯವನು "ರಶಿಯಾದ ಮಾಲು" ಎಂದ. ಐದಕ್ಕೂ ಸೇರಿಸಿ ಮೂರು ಸಾವಿರ ಹೇಳಿ ಸಾವಿರದೆಂಟುನೂರಕ್ಕೆ ಇಳಿದ. ಅವು ಅವನ ಕೈಗೆ ಹೇಗೆ ಬಂದವೆಂದು ಕೇಳಿದರೆ, ಡಬ್ಬಿ ಬಂತು ಎಂಬುದಷ್ಟೇ ಉತ್ತರ. ಚೋರ್ ಬಜಾರಿನಲ್ಲಿ ಅದಕ್ಕಿಂತ ಹೆಚ್ಚಿನ ವಂಶಾವಳಿಯನ್ನು ಯಾರೂ ನಿರೀಕ್ಷಿಸಬಾರದು.

ರಶಿಯದ್ದಲ್ಲವೆಂದು ಕಂಡುಹಿಡಿದವರು ಮಾಸ್ತರರು. ಅಕ್ಷರಗಳೇನೋ ರಶಿಯದ ಸಿರಿಲಿಕ್ ಅಕ್ಷರಗಳೇ. ಆದರೆ ಪುಸ್ತಿಕೆಯಲ್ಲಿ ಎರಡು ಅಕ್ಷರಗಳು ಹೊಸವು: ಹೊಟ್ಟೆಯ ನಡುವೆ ಅಡ್ಡಗೆರೆಯುಳ್ಳ ಒಂದು ಸೊನ್ನೆ, ಕವೆಗೋಲಿನಂಥ ಇನ್ನೊಂದು. ರಶಿಯನರ ವರ್ಣಮಾಲೆಯಲ್ಲಿ ಮೂವತ್ತಮೂರು ಅಕ್ಷರಗಳಾದರೆ ಮಂಗೋಲರದರಲ್ಲಿ ಮೂವತ್ತೈದು. ಹೆಚ್ಚಿನ ಎರಡು ಇವೇ. ಈ ಎರಡು ಅಕ್ಷರ ತಿಳಿದಿದ್ದರೆ ಸಾಕು, ಹಳೆಯ ಸಾಮಾನಿನ ರಾಶಿಯಲ್ಲಿ ಮಂಗೋಲಿಯದ ಪದಕವನ್ನು ಬೇರೆ ತೆಗೆಯಲು ಅರ್ಧ ವಿದ್ಯೆ ಬಂದಂತೆ. ಉಳಿದ ಅರ್ಧ, ಚಿತ್ರಗಳನ್ನು ಓದುವ ವಿದ್ಯೆ. ೧೯೪೦ರವರೆಗಿನ ರಾಜ್ಯಲಾಂಛನದಲ್ಲಿ ಸೊಯೊಂಬೊ ಎಂಬ ಚಿಹ್ನೆಯುಂಟು. ಅಲ್ಲಿಂದ ಮುಂದೆ ಸೂರ್ಯನತ್ತ ಕುದುರೆ ಓಡಿಸುವ ಸವಾರ. ೧೯೯೨ರಲ್ಲಿ ಜನತಾ ಗಣರಾಜ್ಯವೆಂಬ ಹೆಸರು ಹೋಗಿ ಬರಿಯ ಮಂಗೋಲಿಯವಾದ ಮೇಲೆ ಮತ್ತೆ ಬೇರೆ ಲಾಂಛನ. ಲಿಪಿಯೂ ಹಾಗೆಯೇ ಕಾಲ ಹೇಳುತ್ತದೆ. ಮೊದಲಿನ ಪದಕಗಳಲ್ಲಿ ಮೇಲಿನಿಂದ ಕೆಳಕ್ಕೆ ಹರಿಯುವ ಹಳೆಯ ಮಂಗೋಲ ಲಿಪಿ. ೧೯೪೧ರಲ್ಲಿ ಸರಕಾರ ರೋಮನ್ ಲಿಪಿಯನ್ನು ಒಪ್ಪಿ, ಕೆಲವೇ ವಾರಗಳಲ್ಲಿ ಅದನ್ನು ಕೈಬಿಟ್ಟು ಸಿರಿಲಿಕ್ಕನ್ನು ಹಿಡಿಯಿತು. ೧೯೪೬ರಿಂದ ಅದೇ ಅಧಿಕೃತವಾಯಿತು. ಅಜ್ಜನ ಕಾಗದವನ್ನು ಮೊಮ್ಮಗ ಓದಲಾರದ ಸ್ಥಿತಿ ಒಂದೇ ತಲೆಮಾರಿನಲ್ಲಿ ಬಂದೊದಗಿತು. ಮೋಡಿ ಲಿಪಿಯ ಹಳೆಯ ದಫ್ತರಗಳನ್ನು ಮನೆಯಲ್ಲಿಟ್ಟುಕೊಂಡಿರುವ ನಮ್ಮ ಕೆಲವು ಮಿತ್ರರಿಗೆ ಈ ಸಂಕಟ ತಿಳಿದದ್ದೇ.

ಸೊಯೊಂಬೊ ಎಂದೆವಲ್ಲ, ಆ ಶಬ್ದವನ್ನು ತಾವು ಮೆಲ್ಲಗೆ ಇನ್ನೊಮ್ಮೆ ಉಚ್ಚರಿಸಿ ನೋಡಬೇಕು. ಅದು 'ಸ್ವಯಂಭು'. ಅದನ್ನು ೧೬೮೬ರಲ್ಲಿ ರಚಿಸಿದ ಧರ್ಮಗುರು, ಮಹಾಶಿಲ್ಪಿ ಜನಬಜರ್. ಆ ಹೆಸರು 'ಜ್ಞಾನವಜ್ರ'. ೧೯೧೧ರಲ್ಲಿ ಮಂಗೋಲಿಯ ಚೀನದ ಮಂಚು ದೊರೆಗಳಿಂದ ಬೇರ್ಪಟ್ಟು ಬೊಗ್ದ್ ಖಾನರೆಂಬ ಧರ್ಮಗುರುವನ್ನೇ ಅರಸನನ್ನಾಗಿ ಮಾಡಿಕೊಂಡಿತು. ಆ ಕಾಲದ ಶ್ರೇಷ್ಠ ಬಿರುದಿನ ಪದಕಕ್ಕೆ 'ಎರ್ದೆನಿಯಿನ್ ಒಚಿರ್' ಎಂದು ಹೆಸರು. ಎರ್ದೆನಿ ಎಂದರೆ 'ರತ್ನ', ಒಚಿರ್ ಎಂದರೆ 'ವಜ್ರ'. ಎರಡೂ ನಮ್ಮಲ್ಲಿಂದ ಹೊರಟು ಮಧ್ಯ ಏಷ್ಯದ ಮರಳುಗಾಡುಗಳನ್ನು ದಾಟುವಷ್ಟರಲ್ಲಿ ಸವೆದು ಸಣ್ಣಗಾದ ಸಂಸ್ಕೃತ ಶಬ್ದಗಳು. ನಾವು ಆ ಪದಕವನ್ನು ಚಿತ್ರದಲ್ಲಿ ಮಾತ್ರ ಕಂಡವರು.

ನಾವು ಕೊಟ್ಟದ್ದನ್ನೇ ಹೇಳಿ ಸುಮ್ಮನಾದರೆ ನ್ಯಾಯವಾಗದು, ಪಡೆದದ್ದನ್ನೂ ಹೇಳಬೇಕು. ಅವರ ಭಾಷೆಯಲ್ಲಿ ವೀರನಿಗೆ 'ಬಾತರ್' ಎನ್ನುತ್ತಾರೆ. ಹಳೆಯ ರೂಪ 'ಬಗಾತುರ್'. ಅದೇ ಪಾರಸಿಯಲ್ಲಿ ಹಾದು ನಮ್ಮಲ್ಲಿಗೆ 'ಬಹದ್ದೂರ್' ಆಗಿ ಬಂತು. ನಮ್ಮ ಅಜ್ಜಂದಿರ ಕಾಲದ ರಾವ್ ಬಹದ್ದೂರ್, ದಿವಾನ್ ಬಹದ್ದೂರ್, ಖಾನ್ ಬಹದ್ದೂರ್ ಎಲ್ಲರೂ ಆ ಹುಲ್ಲುಗಾವಲಿನ ಸವಾರರ ಮಾತನ್ನೇ ಹೆಸರಿನ ಮುಂದೆ ಹೊತ್ತು ತಿರುಗಿದವರು. 'ಗ್ರಾಮಾಯಣ'ದ ಲೇಖಕರಂತೂ ಅದನ್ನೇ ಕಾವ್ಯನಾಮ ಮಾಡಿಕೊಂಡರು. ಹೀಗೆ ಅವರ ಎದೆಯ ಮೇಲೆ ನಮ್ಮ ರತ್ನ, ವಜ್ರ. ನಮ್ಮವರ ಹೆಸರಿನ ಮುಂದೆ ಅವರ ಬಹದ್ದೂರ್. ಬಿರುದಿನ ವ್ಯಾಪಾರದಲ್ಲಿ ಎರಡು ಕಡೆಗೂ ನಷ್ಟವಾಗಿಲ್ಲವೆಂದು ಬ್ಯಾಂಕಿನವರು ಲೆಕ್ಕ ಮುಗಿಸಿದ್ದಾರೆ.

ಇನ್ನು ಡಬ್ಬಿಯಲ್ಲಿದ್ದ ಪದಕಗಳ ವಿಚಾರ. ಒಂದು, ೧೯೨೧ರ ಕ್ರಾಂತಿಗೆ ಐವತ್ತು ವರ್ಷ ತುಂಬಿದ್ದಕ್ಕೆ ೧೯೭೧ರಲ್ಲಿ ಹೊರಡಿಸಿದ್ದು. ಇದರ ಬಗ್ಗೆ ನಾವು ಒಂದು ತಪ್ಪೊಪ್ಪಿಕೊಳ್ಳಬೇಕಾಗಿದೆ. ಹೊಸ ಉತ್ಸಾಹದಲ್ಲಿ, ಮನೆಯ ದೇವರ ಸಾಮಾನು ತೊಳೆದಂತೆ, ಹುಣಸೆಹಣ್ಣು ಹಾಕಿ ಅದನ್ನು ತಿಕ್ಕಿದೆವು. ಮೇಲಿನ ಹೊಂಬಣ್ಣವೆಲ್ಲ ಹುಳಿಯ ಜೊತೆಗೆ ಬಚ್ಚಲಿಗೆ ಹೋಯಿತು. ಪದಕ ಕೂಡಿಸುವ ಬಯಕೆಯುಳ್ಳವರಿಗೆ ನಮ್ಮ ಮೊದಲ ಸಲಹೆ, ಏನನ್ನೂ ತೊಳೆಯಬೇಡಿರಿ. ಎರಡನೆಯದು 'ನಾಯ್ರಮ್ದಲ್', ಅಂದರೆ ಸ್ನೇಹ ಎಂಬ ಹೆಸರಿನದು. ವಿದೇಶೀಯರಿಗೂ ಕೊಡುತ್ತಿದ್ದ ಪದಕ. ಯಾರ ಸ್ನೇಹ ಚೋರ್ ಬಜಾರಿನಲ್ಲಿ ಕೊನೆಗಂಡಿತೋ ಕಾಣೆವು.

ಮೂರನೆಯದು ಖಾಲ್ಖಿನ್ ಗೋಲ್ ವಿಜಯದ ಮೂವತ್ತನೆಯ ವರ್ಷದ್ದು, ೧೯೬೯ರದು. ಖಾಲ್ಖಿನ್ ಗೋಲ್ ಪೂರ್ವದ ಗಡಿಯ ಒಂದು ಹೊಳೆ. ೧೯೩೯ರ ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಅಲ್ಲಿ ಜಪಾನಿನ ಪಡೆಗಳಿಗೂ ಸೋವಿಯೆತ್ ಮಂಗೋಲ ಪಡೆಗಳಿಗೂ ಯುದ್ಧ ನಡೆಯಿತು. ಜಪಾನೀಯರು ಅದನ್ನು ನೊಮೊನ್‌ಹಾನ್ ಎನ್ನುತ್ತಾರೆ. ಅಲ್ಲಿ ಗೆದ್ದ ಜೂಕೊವ್ ಮುಂದೆ ಬರ್ಲಿನ್ನಿನವರೆಗೂ ನಡೆದ ಸೇನಾಪತಿ. ಮೂವತ್ತು ವರ್ಷಗಳ ಮೇಲೆ, ೧೯೬೯ರಲ್ಲಿ, ಮಂಗೋಲಿಯ ಅವನಿಗೆ ತನ್ನ ಗಣರಾಜ್ಯದ ವೀರನೆಂಬ ಬಿರುದು ಕೊಟ್ಟಿತು. ಯುದ್ಧ ಮುಗಿದ ಮರುವರ್ಷ, ೧೯೪೦ರಲ್ಲಿ, ಹೋರಾಡಿದವರಿಗಾಗಿ ಹೊರಟ ಲಾಂಛನದ ಮೇಲೆ ಕತ್ತಿ ಎತ್ತಿದ ಕುದುರೆ ಸವಾರನಿದ್ದಾನೆ. ಅದು ನಮಗೆ ದೊರೆತದ್ದಲ್ಲ. ದೊರೆತರೂ ನಾವು ನಂಬುವವರಲ್ಲ, ಏಕೆಂದರೆ ಬೆಲೆ ಬರುವ ಹಳೆಯ ಪದಕಗಳಿಗೆಲ್ಲ ಈಗ ನಕಲಿಗಳು ಹುಟ್ಟಿಕೊಂಡಿವೆ. ೧೯೪೫ರಲ್ಲಿ ಜಪಾನಿನ ಮೇಲಿನ ಗೆಲುವಿಗಾಗಿ ಬಂದ ಪದಕದ ಮೇಲಿನ ಬರಹಕ್ಕೆ 'ನಾವು ಗೆದ್ದೆವು' ಎಂದು ಅರ್ಥ. ಅಷ್ಟೆ. ಮೂರು ಸಾಲಿನ ಪ್ರಶಸ್ತಿ ಬರೆಯುವ ನಮಗೆ ಆ ಸಂಕ್ಷೇಪ ಬಾರದು.

ನಾಲ್ಕನೆಯದನ್ನು ಕುರಿತು ಸ್ವಲ್ಪ ಹೆಚ್ಚು ಹೇಳಬೇಕು. ಇಂಗ್ಲಿಷಿನಲ್ಲಿ ಅದಕ್ಕೆ ಧ್ರುವತಾರೆಯ ಪದಕವೆಂದು ಹೆಸರಾದರೂ ಮಂಗೋಲರ ಹೆಸರು 'ಅಲ್ತಾನ್ ಗದಸ್', ಅಂದರೆ ಚಿನ್ನದ ಗೂಟ. ಆಕಾಶದ ಕುದುರೆಗಳನ್ನೆಲ್ಲ ಕಟ್ಟಿಹಾಕಿದ ಗೂಟ ಧ್ರುವತಾರೆ; ಉಳಿದ ನಕ್ಷತ್ರಗಳು ಅದರ ಸುತ್ತ ಮೇಯುತ್ತ ತಿರುಗುತ್ತವೆ. ನಮ್ಮ ಒಕ್ಕಲಿಗನಾಗಿದ್ದರೆ ಕಣದ ಮೇಟಿಯನ್ನು ನೆನೆದು ಚಿನ್ನದ ಮೇಟಿ ಎನ್ನುತ್ತಿದ್ದನೋ ಏನೋ. ಭಾರತದವರಿಗೂ ಈ ಗೌರವ ಸಂದದ್ದುಂಟು. ಲಡಾಖಿನ ಕುಶೋಕ್ ಬಕುಲಾ ರಿಂಪೋಚೆ ಅವರು ೧೯೯೦ರಿಂದ ೨೦೦೦ದವರೆಗೆ ಉಲಾನ್‌ಬಾತರಿನಲ್ಲಿ ನಮ್ಮ ದೇಶದ ರಾಯಭಾರಿಗಳಾಗಿದ್ದು, ಮುಚ್ಚಿಹೋಗಿದ್ದ ಮಠಗಳು ಮತ್ತೆ ತಲೆಯೆತ್ತಲು ದುಡಿದವರು. ಅವರಿಗೆ ೨೦೦೧ರಲ್ಲಿ ಚಿನ್ನದ ಗೂಟ ದೊರೆಯಿತು.

ಈ ಪದಕದ ಹುಟ್ಟು ೧೯೩೬. ಅದರ ಮರುವರ್ಷವೇ ಆ ದೇಶದಲ್ಲಿ ಘೋರ ಹತ್ಯಾಕಾಂಡ ಆರಂಭವಾಯಿತು. ಎರಡು ವರ್ಷಗಳಲ್ಲಿ ಇಪ್ಪತ್ತು ಸಾವಿರಕ್ಕೂ ಮೀರಿ ಜನರನ್ನು ದೇಶದ್ರೋಹದ ಹೆಸರಿನಲ್ಲಿ ಕೊಂದರು. ಅವರಲ್ಲಿ ಬಹುಭಾಗ ಲಾಮಾಗಳು. ೧೯೩೬ರವರೆಗೆ ಪ್ರಧಾನಮಂತ್ರಿಯಾಗಿದ್ದ ಗೆಂದೆನ್ನನನ್ನು ೧೯೩೭ರ ನವೆಂಬರಿನಲ್ಲಿ ಮಾಸ್ಕೋದಲ್ಲಿ ಗುಂಡಿಟ್ಟು ಕೊಂದರು. ಸೇನಾಮಂತ್ರಿ ದೆಮಿದ್ ಅದೇ ಆಗಸ್ಟಿನಲ್ಲಿ ಮಾಸ್ಕೋಕ್ಕೆ ಹೋಗುವ ರೈಲಿನಲ್ಲೇ ಸತ್ತ. ಹಿಂದಿನ ದಿನ ವೀರನಾದವನು ಮರುದಿನ ದ್ರೋಹಿ. ಅಂಥ ಕಾಲದಲ್ಲಿ ಮನೆಯ ಪದಕದ ಹಿಂಬದಿಯ ಸಂಖ್ಯೆಯೂ ಭಯದ ವಸ್ತುವಾಗಿರಬೇಕು.

ಸಂಖ್ಯೆ ಎಂದೆವು. ಪದಕಶೋಧನೆಯ ಜೀವಾಳ ಇರುವುದು ಅಲ್ಲಿಯೇ. ಮಂಗೋಲಿಯದ ದೊಡ್ಡ ಪದಕಗಳ ಬೆನ್ನಿನ ಮೇಲೆ ಒಂದು ಸಂಖ್ಯೆ ಕೊರೆದಿರುತ್ತದೆ. ಪಡೆದವನ ಕೈಯಲ್ಲಿ ಅದೇ ಸಂಖ್ಯೆಯ ಪುಸ್ತಿಕೆ ಇರುತ್ತದೆ. ಎರಡೂ ಕೂಡಿದರೆ ಒಬ್ಬ ಮನುಷ್ಯ ಎದ್ದು ನಿಲ್ಲುತ್ತಾನೆ. ಅಗಲಿದರೆ ಉಳಿಯುವುದು ಬೆಳ್ಳಿ ಮತ್ತು ಮೀನಾಕಾರಿ. ನಮ್ಮ ಊರ ಹೊರಗಿನ ವೀರಗಲ್ಲುಗಳನ್ನು ನೆನೆಯಿರಿ. ಶಾಸನವಿದ್ದ ಕಲ್ಲು, ಇಂಥ ಊರಿನ ಇಂಥವನು ತುರುಗಳನ್ನು ಮರಳಿಸಲು ಹೋಗಿ ಬಿದ್ದನೆಂದು ಹೇಳುತ್ತದೆ. ಅಕ್ಷರವಿಲ್ಲದ ಕಲ್ಲಿಗೆ ಎಮ್ಮೆ ಮೈ ಉಜ್ಜುತ್ತದೆ. ನಮ್ಮ ಚಿನ್ನದ ಗೂಟದ ಬೆನ್ನಿನ ಮೇಲಿನ ಸಂಖ್ಯೆಯನ್ನು ಯಾರೋ ಅರ ಹಾಕಿ ಉಜ್ಜಿ ತೆಗೆದಿದ್ದಾರೆ. ಯಾಕೆ ಎಂದು ಕಾರ್ಖಾನೆಯವರು ಹತ್ತು ವರ್ಷದಿಂದ ಯೋಚಿಸುತ್ತಿದ್ದಾರೆ. ಕಳ್ಳನ ಕೆಲಸವೆ, ಮಾರಿದವನ ನಾಚಿಕೆಯೆ? ಅರದ ಗೀರು ಅವಸರದ್ದಲ್ಲ, ನಿಧಾನವಾಗಿ ಒಂದೇ ದಿಕ್ಕಿಗೆ ಎಳೆದದ್ದು ಎಂಬುದಷ್ಟೇ ಅವರು ಖಂಡಿತವಾಗಿ ಹೇಳುವ ಮಾತು.

ಪುಸ್ತಿಕೆಯಿದ್ದರೂ ಕೆಲಸ ಸುಲಭವೆಂದು ಭಾವಿಸಬಾರದು. ಮಂಗೋಲರಿಗೆ ಮನೆತನದ ಹೆಸರು ರೂಢಿಯಲ್ಲಿಲ್ಲ; ತಂದೆಯ ಹೆಸರು ಮೊದಲು, ತನ್ನದು ಆಮೇಲೆ. ಕುಲನಾಮಗಳನ್ನು ೧೯೨೫ರಲ್ಲಿ ಸರಕಾರವೇ ನಿಷೇಧಿಸಿತ್ತು. ೧೯೯೦ರ ದಶಕದಲ್ಲಿ ಮತ್ತೆ ಇಟ್ಟುಕೊಳ್ಳಿರೆಂದಾಗ ಬಹುಮಂದಿಗೆ ತಮ್ಮ ಕುಲವೇ ಮರೆತುಹೋಗಿತ್ತು. ಎಷ್ಟೋ ಜನ ಚಿಂಗಿಸ್ ಖಾನನ ಬೊರ್ಜಿಗಿನ್ ಕುಲವನ್ನೇ ಬರೆಸಿದರು. ೧೯೮೧ರಲ್ಲಿ ಅಂತರಿಕ್ಷಕ್ಕೆ ಹೋಗಿಬಂದು ವೀರಪದಕ ಪಡೆದ ಗುರ್ರಾಗ್ಚಾ ಮಾತ್ರ 'ಸನ್ಸಾರ್' ಎಂಬ ಹೊಸ ಕುಲನಾಮ ಕಟ್ಟಿಕೊಂಡ. ಅವರಲ್ಲಿ ಅದಕ್ಕೆ ಬ್ರಹ್ಮಾಂಡವೆಂದು ಅರ್ಥ. ಮೂಲದಲ್ಲಿ ಅದು ನಮ್ಮ 'ಸಂಸಾರ'ವೇ. ನಮ್ಮಲ್ಲಿ ಹೆಂಡತಿ ಮಕ್ಕಳ ಮಟ್ಟಿಗೆ ನಿಂತ ಶಬ್ದ ಅಲ್ಲಿ ನಕ್ಷತ್ರಗಳವರೆಗೂ ಹಬ್ಬಿದೆ. ಇನ್ನು ಸ್ವಂತ ಹೆಸರುಗಳೋ, ಹುಟ್ಟಿದ ವಾರದ ಮೇಲೆ ಇಟ್ಟವು ಬಹಳ. ಟಿಬೆಟಿನ ಮೂಲಕ ಬಂದ ದಾವಾ, ಪುರೆವ್, ಬ್ಯಾಂಬಾ. ಸಂಸ್ಕೃತದಿಂದ ಬಂದ ಅದಿಯಾ, ಸುಮಿಯಾ, ಅಂಗರಗ್, ಸುಗರ್. ಆದಿತ್ಯ, ಸೋಮ, ಅಂಗಾರಕ, ಶುಕ್ರ ಎಂದು ತಾವು ಆಗಲೇ ಗುರುತಿಸಿರಬೇಕು. ಕರ್ಣಾಟಕದ ಎಂಟರಷ್ಟು ವಿಸ್ತಾರವಾದ ಆ ದೇಶದಲ್ಲಿ ಒಬ್ಬ ಸೋಮವಾರದವಳನ್ನು ಹುಡುಕುವುದೆಂದರೆ ಸಂತೆಯಲ್ಲಿ ತಮ್ಮಣ್ಣನನ್ನು ಕೂಗಿದಂತೆ.

ಹೀಗಿರುತ್ತ ಐದನೆಯ ಪದಕ. ಅದರ ಮೇಲೆ ತಾಯಿ ಮಗುವಿನ ಚಿತ್ರ. ಪುಸ್ತಿಕೆ ಅದರದೇ. 'ಅಲ್ದರ್ತ್ ಎಖ್', ಕೀರ್ತಿವಂತ ತಾಯಿ ಎಂಬ ಈ ಪದಕವನ್ನು ೧೯೫೭ರಲ್ಲಿ ಸ್ಥಾಪಿಸಿದರು. ಆಗ ಐದು ಮಕ್ಕಳ ತಾಯಿಗೆ ಎರಡನೆಯ ದರ್ಜೆ, ಎಂಟು ಮಕ್ಕಳ ತಾಯಿಗೆ ಮೊದಲನೆಯ ದರ್ಜೆ. ಈಗ ನಾಲ್ಕಕ್ಕೂ ಆರಕ್ಕೂ ಇಳಿಸಿ, ಜೊತೆಗೆ ವರ್ಷಾಸನವನ್ನೂ ಕೊಡುತ್ತಾರೆ. ಅಂದು ಆ ಮಹಾವಿಸ್ತಾರದ ನಾಡಿನಲ್ಲಿದ್ದ ಜನಸಂಖ್ಯೆ ಹತ್ತು ಲಕ್ಷವನ್ನೂ ಮುಟ್ಟಿರಲಿಲ್ಲ. ಮಕ್ಕಳೇ ಅವರಿಗೆ ರಾಜ್ಯದ ಸಂಪತ್ತು. ನಮ್ಮಲ್ಲಿ ೧೯೫೨ರಿಂದಲೇ ಕುಟುಂಬ ಯೋಜನೆ ನಡೆದಿತ್ತು. ಅಲ್ಲಿ ಪದಕ ಸಿಗುವಷ್ಟು ಮಕ್ಕಳನ್ನು ಇಲ್ಲಿ ಹೆತ್ತ ನಮ್ಮ ತಾಯಂದಿರಿಗೆ ಆರೋಗ್ಯ ಇಲಾಖೆಯವರ ಬುದ್ಧಿವಾದ ಸಿಕ್ಕಿತು.

ಕೂಡಿಸುವವರ ಮಾರುಕಟ್ಟೆಯಲ್ಲಿ ಈ ಪದಕಕ್ಕೆ ಬೆಲೆಯಿಲ್ಲ. ಕೊಟ್ಟದ್ದು ಬಹಳ, ಹೊರಬಂದದ್ದೂ ಬಹಳ. ಯುದ್ಧದ ಪದಕವಾದರೆ ಸಂಖ್ಯೆ ಹುಡುಕುತ್ತಾರೆ, ದಾಖಲೆ ತೆಗೆಸುತ್ತಾರೆ. ತಾಯಿಯ ಪದಕವನ್ನು ಡಜನ್ನಿನ ಲೆಕ್ಕದಲ್ಲಿ ಮಾರುತ್ತಾರೆ. ನಾವೂ ಎರಡು ವರ್ಷ ಅದನ್ನು ಡಬ್ಬಿಯಲ್ಲೇ ಬಿಟ್ಟಿದ್ದೆವೆಂಬುದನ್ನು ಮುಚ್ಚಿಡುವುದಿಲ್ಲ.

೨೦೧೬ರಲ್ಲಿ ಮಾಸ್ತರರ ಅಣ್ಣನ ಮಗಳ ಮದುವೆ ಮುಂಡಗೋಡಿನ ಹತ್ತಿರ ನಡೆಯಿತು. ಅಲ್ಲಿ ೧೯೬೦ರ ದಶಕದಲ್ಲಿ ನೆಲೆಗೊಂಡ ಟಿಬೆಟನ್ನರ ವಸತಿಯುಂಟೆಂಬುದು ಸರ್ವವಿದಿತ. ಅಲ್ಲಿನ ದ್ರೆಪುಂಗ್ ಮಠದ ಗೋಮಾಂಗ್ ಶಾಖೆಯಲ್ಲಿ ಮಂಗೋಲಿಯದಿಂದ ಬಂದ ಭಿಕ್ಷುಗಳೂ ಓದುತ್ತಾರೆಂಬುದು ಮಾತ್ರ ನಮಗೆ ಗೊತ್ತಿರಲಿಲ್ಲ. ಮದುವೆಯ ಮರುದಿನ ನಾವು ಮೂವರೂ ಡಬ್ಬಿ ಹಿಡಿದು ಹೋದೆವು. ಅಂಗಳದಲ್ಲಿ ಇಪ್ಪತ್ತೈದರ ಸುಮಾರಿನ ಒಬ್ಬ ಭಿಕ್ಷು ಸಿಕ್ಕರು. ಬ್ಯಾಂಕಿನವರು ಇಂಗ್ಲಿಷಿನಲ್ಲಿ ಆರಂಭಿಸಿದರು, ಮಾಸ್ತರರು ಹಿಂದಿಯಲ್ಲಿ. ಅವರು ಪದಕವನ್ನು ಕೈಗೆ ತೆಗೆದುಕೊಂಡು, ಹಣೆಗೆ ಮುಟ್ಟಿಸಿ, ನಗುತ್ತ ಹೇಳಿದರು: "ಇದು ರಶಿಯಾದ್ದಲ್ರಿ ಸರ. ನಮ್ಮೂರಿಂದು. ನಮ್ಮ ಅಜ್ಜಿ ಹತ್ರನೂ ಒಂದೈತಿ." ಹತ್ತು ವರ್ಷ ಮುಂಡಗೋಡಿನ ಸಂತೆಯಲ್ಲಿ ತರಕಾರಿ ತಂದವರ ಕನ್ನಡ ಅದು. ನಮ್ಮ ಮೂವರ ಮಕ್ಕಳೂ ಅಷ್ಟು ಸಲೀಸಾಗಿ ಮಾತಾಡರು. ಈ ವೇದಿಕೆಯಲ್ಲಿ ಅದನ್ನು ಹೇಳದೆ ಹೋದರೆ ಆತ್ಮವಂಚನೆಯಾದೀತು.

ಅವರು ಪುಸ್ತಿಕೆಯನ್ನು ಓದಿದರು. ೧೯೬೪, ಎರಡನೆಯ ದರ್ಜೆ, ವಾರದ ಹೆಸರಿನ ಒಬ್ಬ ತಾಯಿ. ಆಕೆಯ ಹೆಸರನ್ನು ನಾವು ಇಲ್ಲಿ ಹೇಳುವುದಿಲ್ಲ. ರಟ್ಟಿನ ಹಿಂದಿನ ಚೀಲದೊಳಗೆ ನಾವು ನೋಡದೆ ಬಿಟ್ಟಿದ್ದ ಒಂದು ಚೀಟಿಯಿತ್ತು: ಉಣ್ಣೆ ಕೊಟ್ಟದ್ದಕ್ಕೆ ಪಶುಪಾಲಕರ ಸಹಕಾರಿ ಸಂಘದವರು ಬರೆದ ರಸೀತಿ, ಅದರ ಮೇಲೆ ಅರ್ಖಾಂಗಾಯ್ ಪ್ರಾಂತದ ಮುದ್ರೆ. ಅಂದರೆ ಊರು ಸಿಕ್ಕಿತು. "ನಮ್ಮ ಮಠದಾಗ ಆ ಕಡೆಯವರು ಅದಾರ. ಕೇಳ್ತೀನ್ರಿ" ಎಂದರು. ಆಕೆ ಹಬ್ಬಕ್ಕೂ ಸಭೆಗೂ ಮೇಲಂಗಿಯ ಎದೆಗೆ ಅದನ್ನು ಸಿಕ್ಕಿಸಿಕೊಂಡು ಹೋಗುತ್ತಿದ್ದಿರಬೇಕು, ತಮ್ಮ ಅಜ್ಜಿ ಹಾಗೆಯೇ ಮಾಡುತ್ತಾರೆ, ಉಳಿದ ದಿನ ದೇವರ ಪಟದ ಪಕ್ಕದಲ್ಲಿಡುತ್ತಾರೆ ಎಂದೂ ಹೇಳಿದರು.

ಕೇಳುವುದಕ್ಕೆ ಎರಡು ವರ್ಷ ಹಿಡಿಯಿತು. ೨೦೧೮ರಲ್ಲಿ ಅವರಿಂದ ಸುದ್ದಿ ಬಂತು. ತಾಯಿ ತೀರಿಕೊಂಡಿದ್ದರು, ಮಗ ಮಗಳು ರಾಜಧಾನಿಯ ಅಂಚಿನ ಗುಡಾರಗಳ ಬಡಾವಣೆಯಲ್ಲಿದ್ದರು. ಹುಲ್ಲುಗಾವಲನ್ನು ಬಿಟ್ಟು ಬಂದದ್ದು ೨೦೦೯-೧೦ರ ಚಳಿಗಾಲದ ನಂತರ. ಹಿಮದಡಿಯಲ್ಲಿ ಮೇವು ಹೂತು ದನಕುರಿಗಳು ನಿಂತಲ್ಲೇ ಸಾಯುವ ಆಪತ್ತಿಗೆ ಅಲ್ಲಿ 'ಜುಡ್' ಎನ್ನುತ್ತಾರೆ. ಆ ಒಂದೇ ಚಳಿಗಾಲದಲ್ಲಿ ದೇಶದ ಎಂಬತ್ತು ಲಕ್ಷಕ್ಕೂ ಹೆಚ್ಚು ಪ್ರಾಣಿಗಳು ಸತ್ತವು. ಆ ಮನೆಯ ಮಂದೆಯೂ ಹೋಯಿತು. ನಗರದ ದೊಡ್ಡ ಬಜಾರಿನಲ್ಲಿ ಮಗ ಒಂದು ದಿನ ಮನೆಯ ಕೆಲವು ಸಾಮಾನು ಮಾರಿ ಬಂದ. ಅವನ್ನು ಕೊಂಡವರಾರು, ನಮ್ಮ ಬಿಸ್ಕತ್ತಿನ ಡಬ್ಬಿಗೆ ಬಂದದ್ದು ಹೇಗೆ, ಆ ನಡುವಣ ದಾರಿಯೆಲ್ಲ ಕತ್ತಲೆ.

ಮಗಳ ಸಂದೇಶವನ್ನು ಭಿಕ್ಷುಗಳು ಅನುವಾದಿಸಿ ಕಳಿಸಿದ್ದರು. ಇಷ್ಟೇ ಇತ್ತು: "ಎಷ್ಟು ಹಣ ಕೊಡಬೇಕು?"

ಓದಿ ನಾವು ಬಹಳ ಹೊತ್ತು ಸುಮ್ಮನೆ ಕುಳಿತೆವು. ನಾವು ಆಕೆಗೆ ವ್ಯಾಪಾರಿಗಳಾಗಿ ಕಂಡಿದ್ದೆವು. ಕಂಡದ್ದು ತಪ್ಪೆಂದು ಹೇಳುವುದಾದರೂ ಹೇಗೆ? ಅಂದು ರಾತ್ರಿ ನಮ್ಮ ಮೂವರಲ್ಲಿ ವಾದವೇ ಆಯಿತು. ನ್ಯಾಯವಾಗಿ ಕೊಂಡ ವಸ್ತು, ಕೊಟ್ಟ ಹಣದ ಐದನೆಯ ಒಂದು ಪಾಲನ್ನಾದರೂ ಕೇಳಬಹುದು ಎಂದವರೂ ನಮ್ಮಲ್ಲೇ ಒಬ್ಬರು. ಪುಸ್ತಿಕೆ, ರಸೀತಿ, ಪದಕ ಮೂರೂ ಕೂಡಿದ್ದು ಸಂಶೋಧಕನಿಗೆ ಅಪರೂಪ, ಇದನ್ನೇ ಬಿಟ್ಟರೆ ನಮ್ಮ ಸಂಗ್ರಹದಲ್ಲಿ ಮಿಕ್ಕದ್ದೇನು ಎಂದವರು ಇನ್ನೊಬ್ಬರು. ಈ ಮಾತು ನಿಜ, ಈಗಲೂ ನಿಜ. ಸಂಖ್ಯೆಗೆ ಮನುಷ್ಯನನ್ನು ಹುಡುಕಬೇಕೆಂದು ಇಷ್ಟು ವರ್ಷ ಹೇಳುತ್ತ ಬಂದವರು ನಾವು. ಮನುಷ್ಯ ಸಿಕ್ಕಾಗ ಸಂಖ್ಯೆಯನ್ನು ಬಿಡಲು ಕೈ ಬರಲಿಲ್ಲ. ಯಾರು ಯಾವ ಮಾತಾಡಿದರೆಂಬುದನ್ನು ಮಾತ್ರ ಇಲ್ಲಿ ಹೇಳುವುದು ಬೇಡವೆಂದು ಒಪ್ಪಂದವಾಗಿದೆ.

ಏನೂ ಕೊಡಬೇಕಾಗಿಲ್ಲವೆಂದು ಬರೆದೆವು. ಜೊತೆಗೆ ಉಳಿದ ನಾಲ್ಕರ ಚಿತ್ರ ಕಳಿಸಿ, ಇವೂ ನಿಮ್ಮ ಮನೆಯವೇ ಎಂದು ಕೇಳಿದೆವು. ಈ ಸಲ ಉತ್ತರ ಬೇಗ ಬಂತು. ಅವು ತಮ್ಮವಲ್ಲ, ತಮ್ಮ ಮನೆಯಲ್ಲಿ ಬೇರೆ ಯಾರಿಗೂ ಪದಕ ಬಂದದ್ದಿಲ್ಲ ಎಂದು ಬರೆದು ಮಗಳು ಕೆಳಗೆ ಇನ್ನೊಂದು ಸಾಲು ಸೇರಿಸಿದ್ದಳು. ಐದನೆಯ ಮಗುವಿಗೆ ಈ ಪದಕ ಬರುತ್ತದೆಯಷ್ಟೆ. ಐದನೆಯವಳು ನಾನು, ಎಂದು.

೨೦೧೯ರ ಆರಂಭದಲ್ಲಿ, ಅವರ ಹೊಸ ವರ್ಷದ ಹಬ್ಬಕ್ಕೆ ಊರಿಗೆ ಹೊರಟ ಭಿಕ್ಷುಗಳ ಕೈಯಲ್ಲಿ ಪದಕ, ಪುಸ್ತಿಕೆ, ರಸೀತಿ ಮೂರನ್ನೂ ಕೊಟ್ಟೆವು. ಕಾರ್ಖಾನೆಯವರು ಅದಕ್ಕೊಂದು ಪುಟ್ಟ ಕರಡಿಗೆ ಮಾಡಿಕೊಟ್ಟರು. ಬ್ಯಾಂಕಿನವರು ರಸೀತಿ ಬರೆಸಿಕೊಳ್ಳಬೇಕೆಂದು ಹೇಳಿ ಆಮೇಲೆ ತಾವೇ ನಾಚಿಕೊಂಡರು. ಭಿಕ್ಷುಗಳು ಹಿಂದಿರುಗುವಾಗ ಆಕೆ ಕೊಟ್ಟ ನೀಲಿ ವಸ್ತ್ರವನ್ನೂ ಒಂದು ಪೊಟ್ಟಣ ಒಣಗಿಸಿದ ಮೊಸರಿನ ಗಟ್ಟಿಯನ್ನೂ ತಂದರು. ಗೌರವ ತೋರುವಾಗ ಎರಡು ಕೈಗಳ ಮೇಲೆ ಹಾಸಿ ಕೊಡುವ ವಸ್ತ್ರ ಅದು. ಮೊಸರಿನ ಗಟ್ಟಿಯಾದರೋ ಕಲ್ಲು. ಅದನ್ನು ಬಾಯಲ್ಲಿಟ್ಟು ಕರಗಿಸಬೇಕಂತೆ. ತಿಳಿಯದೆ ಕಡಿದು ನಮ್ಮಲ್ಲೊಬ್ಬರು ಹಲ್ಲಿನ ವೈದ್ಯರಿಗೆ ಕೊಟ್ಟ ಹಣ, ಐದು ಪದಕಗಳಿಗೂ ಕೊಟ್ಟದ್ದಕ್ಕಿಂತ ಹೆಚ್ಚು.

ಈಗ ಉಳಿದಿರುವುದು ಚಿನ್ನದ ಗೂಟದ ಪ್ರಶ್ನೆ. ಓರೆಯಾಗಿ ಬೆಳಕು ಬಿಟ್ಟು ನೋಡಿದರೆ ಅರದ ಗೀರಿನ ಕೆಳಗೆ ಮೊದಲನೆಯ ಅಂಕಿಯ ನೆರಳು ಕಾಣುತ್ತದೆ. ಕಾರ್ಖಾನೆಯವರು ಅದನ್ನು ಎಂಟು ಎನ್ನುತ್ತಾರೆ, ಮಾಸ್ತರರು ಮೂರು ಎನ್ನುತ್ತಾರೆ, ಬ್ಯಾಂಕಿನವರಿಗೆ ಏನೂ ಕಾಣುವುದಿಲ್ಲ. ಪೆಟ್ಟಿಗೆಯ ಪಕ್ಕದಲ್ಲಿ ಭೂತಗನ್ನಡಿಯನ್ನೂ ಒಂದು ಬ್ಯಾಟರಿಯನ್ನೂ ಇಟ್ಟಿದ್ದೇವೆ. ಕಾಫಿಯ ವೇಳೆಗೆ ಎಳೆಯ ಕಣ್ಣಿನವರು ಯಾರಾದರೂ ದಯಮಾಡಿ ಬಂದು, ಮೂರೋ ಎಂಟೋ ನೋಡಿ ಹೇಳಬೇಕು.